ನಾಲ್ಕು ಬೆರಳು ಹೊಲಿಗೆ

ಯಾಕಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ. ಮಾತು ಬಂದ ದಿನದಿಂದ ಕಂಡಕಂಡದ್ದಕ್ಕೆಲ್ಲ ‘ಯಾಕೆ?’ ಎಂದು ಕೇಳಿ ತಲೆ ತಿನ್ನುತ್ತಿದ್ದಳೆಂದು ಅಪ್ಪ ಇಟ್ಟ ಅಡ್ಡಹೆಸರು. ಈಗ ವಯಸ್ಸು ಮೂವತ್ತೈದು. ಹೆಸರೂ ಅಂಟಿಕೊಂಡಿದೆ, ಚಾಳಿಯೂ ಬಿಟ್ಟಿಲ್ಲ. ಗಿರಾಕಿಯೊಬ್ಬರು ಬಂದು ಪ್ಯಾಂಟಿನ ಸೊಂಟ ಎರಡು ಬೆರಳು ಹಿಗ್ಗಿಸಿಕೊಡಿ ಎಂದರೆ ಸುಮ್ಮನೆ ಟೇಪು ಹಿಡಿಯುವುದು ಬಿಟ್ಟು, ಒಂದೇ ವರ್ಷದಲ್ಲಿ ಯಾಕೆ ಇಷ್ಟು ಊದಿಕೊಂಡಿರಿ ಎಂದು ಕೇಳುತ್ತಾಳೆ. ಅಂಥ ಹೊತ್ತಿನಲ್ಲಿ ಅಕ್ಕ ಒಳಗಿನಿಂದ ಗಟ್ಟಿಯಾಗಿ ಗಂಟಲು ಸರಿಮಾಡಿಕೊಳ್ಳುತ್ತಾಳೆ. ಅಕ್ಕನ ಗಂಟಲಿಲ್ಲದಿದ್ದರೆ ಆ ಅಂಗಡಿ ಎಂದೋ ಬಾಗಿಲು ಹಾಕಿಕೊಳ್ಳುತ್ತಿತ್ತು.

ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ಹಳೆಯದನ್ನು ಬಿಚ್ಚಿ ಸರಿಮಾಡುವುದೇ ಹೆಚ್ಚು. ಬೇರೆ ದರ್ಜಿಗಳು ಹೊಲಿಗೆ ಬಿಚ್ಚುವಾಗ ನಾಲ್ಕೈದು ಹೊಲಿಗೆಗೊಮ್ಮೆ ದಾರ ಕತ್ತರಿಸಿ ಎರಡು ಬಟ್ಟೆಯನ್ನೂ ಚರ್ರನೆ ಎಳೆದುಬಿಡುತ್ತಾರೆ. ಈ ಮನೆಯಲ್ಲಿ ಹಾಗಲ್ಲ. ದಾರಕ್ಕೆ ಬರ ಬಂದಿದ್ದ ಕಾಲದಲ್ಲಿ ಕಸುಬು ಕಲಿತ ಅಪ್ಪ ಮಕ್ಕಳಿಬ್ಬರಿಗೂ ಒಂದು ಪಾಠ ಹೇಳಿಕೊಟ್ಟಿದ್ದರು: ಕೊನೆಯ ಗಂಟು ಬಿಚ್ಚು, ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಸಡಿಲಿಸು, ಮೊದಲ ಹೊಲಿಗೆಯವರೆಗೂ ದಾರ ತುಂಡಾಗಬಾರದು. ಹಾಗೆ ಬಿಡಿಸಿದ ದಾರವನ್ನು ರಟ್ಟಿನ ಚೂರಿಗೆ ಸುತ್ತಿ ಇಡಬೇಕು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ದಾರ ಈಗ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೂ ಅಕ್ಕತಂಗಿಯರ ಕೈ ಆ ಅಭ್ಯಾಸ ಬಿಟ್ಟಿಲ್ಲ.

ಅಕ್ಕನಿಗೆ ಎಡಗಣ್ಣಿಲ್ಲ. ಅದು ಹೋಗಿ ಇಪ್ಪತ್ತೊಂಬತ್ತು ವರ್ಷ. ಆಗ ಅಕ್ಕನಿಗೆ ಹದಿನಾರು, ಯಾಕಮ್ಮನಿಗೆ ಆರು. ತಾಯಿಯಿಲ್ಲದ ತಂಗಿಗೆಂದು ಅಕ್ಕ ಹಳದಿ ಫ್ರಾಕು ಹೊಲಿಯುತ್ತಿದ್ದಳು. ಆಗಿದ್ದದ್ದು ಹಳೆಯ ಕೈಮಷೀನು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಬಟ್ಟೆ ಸರಿಸಬೇಕು. ಆ ಮಷೀನನ್ನು ಅಕ್ಕ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅಂಥವಳು ಅವತ್ತು ಬೀದಿಯಲ್ಲಿ ಆಡುತ್ತಿದ್ದ ತಂಗಿಯನ್ನು ತಾನಾಗಿಯೇ ಕರೆದು, ಬಾ, ಚಕ್ರ ತಿರುಗಿಸು ಎಂದಳು. ತಂಗಿ ಸ್ವರ್ಗಕ್ಕೆ ಮೂರೇ ಗೇಣು ಎಂಬಂತೆ ಬಂದು ಗರಗರ ತಿರುಗಿಸಿದಳು. ಸೂಜಿ ಮುರಿದು ಚೂರು ಅಕ್ಕನ ಕಣ್ಣಿಗೆ ಹಾರಿತು.

ನಿನ್ನದೇನೂ ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು. ಅಷ್ಟು ಜನ ಅಷ್ಟು ಸಲ ಹೇಳಿದ್ದರಿಂದಲೇ ತಪ್ಪು ತನ್ನದೇ ಎಂದು ಯಾಕಮ್ಮನಿಗೆ ಖಾತ್ರಿಯಾಯಿತು. ಈಗ ಇನ್ನೊಂದು ಕಣ್ಣೂ ಕೈಕೊಡುತ್ತಿತ್ತು. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ, ಆಮೇಲೆ ಬೆಳಕು ಕತ್ತಲು ಮಾತ್ರ ಗೊತ್ತಾಗಬಹುದು ಎಂದು ಡಾಕ್ಟರಮ್ಮ ಹೇಳಿ ತಿಂಗಳಾಗಿತ್ತು. ಅಕ್ಕ ಅದನ್ನು ಕೇಳಿ ತಲೆಯಾಡಿಸಿ, ಬರುವಾಗ ದಾರಿಯಲ್ಲಿ ಎರಡು ಡಜನ್ ಗುಂಡಿ ಕೊಂಡು ಬಂದಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು ಹಳೆಯ ಕೋಟು ತಂದರು. ಇಪ್ಪತ್ತು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಅಪ್ಪನೇ ಆ ಕೈಮಷೀನಿನಲ್ಲಿ ಹೊಲಿದ ಕೋಟು. ಲೈನಿಂಗ್ ಬದಲಾಯಿಸಬೇಕಿತ್ತು. ಅಕ್ಕ ಔಷಧಿ ತರಲು ಹೋಗಿದ್ದಳು. ಯಾಕಮ್ಮ ಬೆನ್ನಿನ ಉದ್ದನೆಯ ಹೊಲಿಗೆಯನ್ನು ಮನೆಯ ಪದ್ಧತಿಯಂತೆ ನಿಧಾನವಾಗಿ ಬಿಡಿಸಿದಳು. ಹಳೆಯ ದಾರ ಸಾಮಾನ್ಯವಾಗಿ ಅರ್ಧಕ್ಕೇ ಪಟ್ಟೆಂದು ತುಂಡಾಗುತ್ತದೆ. ಇದು ತುಂಡಾಗಲಿಲ್ಲ. ಮೊದಲ ಹೊಲಿಗೆಯಿಂದ ದಾರದ ತುದಿ ಈಚೆ ಬಂದದ್ದೇ ತಡ, ಅವಳು ಅಂಗಡಿಯ ಹೊಸ್ತಿಲ ಬಳಿ ನಿಂತಿದ್ದಳು. ಗೋಡೆಯ ಬಣ್ಣ ಬೇರೆಯಾಗಿತ್ತು. ಮಷೀನಿನ ಮುಂದೆ ಅಪ್ಪ ಕೂತಿದ್ದರು, ತಲೆಯಲ್ಲಿ ಇನ್ನೂ ಕಪ್ಪು ಕೂದಲಿತ್ತು.

“ಬನ್ನಿ ಬನ್ನಿ, ಏನು ಹೊಲಿಸಬೇಕಿತ್ತಮ್ಮ?” ಎಂದರು ಅಪ್ಪ, ಕೈ ನಿಲ್ಲಿಸದೆ.

ತನಗೆ ಬಹುವಚನ ಹಚ್ಚಿ ಮಾತಾಡುತ್ತಿದ್ದ ಅಪ್ಪನಿಗೆ ಏನು ಹೇಳಬೇಕೆಂದು ತೋಚದೆ ಅವಳು “ಸುಮ್ಮನೆ ನೋಡೋಣ ಅಂತ ಬಂದೆ” ಎಂದಳು.

“ನೋಡಿ, ನೋಡಿ. ನೋಡೋಕೇನು ದುಡ್ಡಾ?” ಎಂದು ಅಪ್ಪ ನಕ್ಕು ಚಕ್ರ ತಿರುಗಿಸುತ್ತಲೇ ಇದ್ದರು. ಕೋಟಿನ ಬೆನ್ನಿನ ಹೊಲಿಗೆ ಮುಗಿದು ಅಪ್ಪ ದಾರ ಕಚ್ಚಿ ತುಂಡುಮಾಡಿದ ಕ್ಷಣವೇ ಅವಳು ತನ್ನ ಸ್ಟೂಲಿನ ಮೇಲಿದ್ದಳು. ತೊಡೆಯ ಮೇಲೆ ಕೋಟು, ಕೈಯಲ್ಲಿ ದಾರ. ಗೋಡೆಯ ಗಡಿಯಾರದ ಮುಳ್ಳು ಒಂದು ನಿಮಿಷವೂ ಸರಿದಿರಲಿಲ್ಲ.

ಬೇರೆಯವರಾದರೆ ಹೆದರಿ ಮುಸುಕೆಳೆದು ಮಲಗುತ್ತಿದ್ದರು. ಯಾಕಮ್ಮನಿಗೆ ಹೆದರಿಕೆಗಿಂತ ಮೊದಲು ಕುತೂಹಲ ಬಂತು. ಒಂದು ವಾರ ಅವಳು ಮನೆಯಲ್ಲಿದ್ದ ಹಳೆಯ ಹೊದಿಕೆ, ಪರದೆ, ಕೈಚೀಲ ಯಾವುದನ್ನೂ ಬಿಡದೆ ಬಿಚ್ಚಿ ನೋಡಿದಳು. ಈಗಿನ ಮೋಟಾರು ಮಷೀನಿನ ಹೊಲಿಗೆ ಬಿಚ್ಚಿದರೆ ದಾರ ಬರುತ್ತದೆ, ಬೇರೇನೂ ಆಗುವುದಿಲ್ಲ. ಕೈಮಷೀನಿನದಾಗಿರಬೇಕು, ದಾರ ತುಂಡಾಗಬಾರದು. ಆ ಹೊಲಿಗೆ ಹಾಕಲು ಎಷ್ಟು ಹೊತ್ತು ಹಿಡಿದಿತ್ತೋ ಅಷ್ಟೇ ಹೊತ್ತು ಅಲ್ಲಿರಬಹುದು. ಒಂದು ಹೊಲಿಗೆಗೆ ಒಂದೇ ಸಲ. ಮತ್ತೆ ಹೊಲಿದು ಬಿಚ್ಚಿದರೆ ಬರೀ ದಾರ. ಇದಿಷ್ಟನ್ನೂ ಅವಳು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ಅಲ್ಲಿ ಏನಾದರೂ ಬದಲಾಯಿಸಿದರೆ ಇಲ್ಲಿ ಬದಲಾಗುತ್ತದೆಯೇ? ಇದೊಂದು ಉಳಿದಿತ್ತು. ಕತ್ತರಿಸುವ ಮೇಜಿನ ಮೂಲೆಯಲ್ಲಿ ಒಂದು ಸುಟ್ಟ ಕಲೆಯಿತ್ತು. ಹಿಂದೊಮ್ಮೆ ಕೈಮಷೀನಿನಲ್ಲಿ ದಿಂಬಿನ ಚೀಲ ಹೊಲಿಯುತ್ತ ಇಸ್ತ್ರಿಪೆಟ್ಟಿಗೆ ಮರೆತು ಆದ ಕಲೆ. ಯಾಕಮ್ಮ ಆ ದಿಂಬಿನ ಚೀಲವನ್ನೇ ಹುಡುಕಿ ಬಿಚ್ಚಿದಳು, ಹೋದಳು, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ಇಟ್ಟಳು, ಬಂದಳು. ಮೇಜು ಹೊಸದರಂತೆ ಹೊಳೆಯುತ್ತಿತ್ತು. ಅವಳು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಗುರುವಾರ ಸಂಜೆ ಸಂಗೀತದ ಮೇಡಂ ಬರಲಿಲ್ಲ. ಏಳು ವರ್ಷದಿಂದ ಪ್ರತಿ ಗುರುವಾರ ಬಂದು ಇಬ್ಬರೊಂದಿಗೆ ಕೂತು ಚಹಾ ಕುಡಿದು, ತಮ್ಮ ಶಿಷ್ಯರ ಶ್ರುತಿಯಿಲ್ಲದ ಗಂಟಲುಗಳನ್ನು ಅಣಕಿಸಿ ನಗಿಸಿ ಹೋಗುತ್ತಿದ್ದವರು.

“ಮೇಡಂ ಯಾಕೆ ಬರಲಿಲ್ಲ?” ಎಂದಳು ಯಾಕಮ್ಮ.

“ಯಾವ ಮೇಡಂ?” ಎಂದಳು ಅಕ್ಕ.

ಆಗ ಅವಳಿಗೆ ಹೊಳೆಯಿತು. ಸುಟ್ಟ ಕಲೆ ಮುಚ್ಚಲೆಂದು ಅಕ್ಕತಂಗಿಯರು ಮೇಜಿನ ಮೇಲೆ ಹೂವಿನ ಬಟ್ಟೆಯೊಂದನ್ನು ಹಾಸಿದ್ದರು. ಅದನ್ನು ಬೀದಿಯಿಂದ ನೋಡಿ, ಎಲ್ಲಿ ಸಿಕ್ಕಿತು ಎಂದು ಕೇಳಲು ಮೇಡಂ ಮೊದಲ ಸಲ ಒಳಗೆ ಬಂದಿದ್ದರು. ಕಲೆಯಿಲ್ಲ ಎಂದ ಮೇಲೆ ಬಟ್ಟೆಯಿಲ್ಲ, ಬಟ್ಟೆಯಿಲ್ಲದ ಮೇಲೆ ಮೇಡಮ್ಮೂ ಇಲ್ಲ. ಮಾರನೆಯ ದಿನ ಅವರೇ ಬೀದಿಯಲ್ಲಿ ಸಿಕ್ಕರು. ಯಾಕಮ್ಮ ಹಲ್ಲು ಬಿಟ್ಟು ಮಾತಾಡಿಸಲು ಹೋದಳು. ಅವರು ಮರ್ಯಾದೆಗೆ ಒಮ್ಮೆ ನಕ್ಕು, ಕೈಚೀಲವನ್ನು ಆ ಕಡೆಯ ಹೆಗಲಿಗೆ ಬದಲಾಯಿಸಿಕೊಂಡು ಹೊರಟುಹೋದರು. ಏಳು ವರ್ಷದ ಚಹಾ ನೆನಪಿದ್ದದ್ದು ಇಡೀ ಪ್ರಪಂಚದಲ್ಲಿ ಯಾಕಮ್ಮ ಒಬ್ಬಳಿಗೆ. ಅವಳಿಗೆ ಬಹಳ ಬೇಜಾರಾಯಿತು.

“ಅಕ್ಕ, ಈ ಮೇಜಿನ ಮೇಲೆ ಸುಟ್ಟ ಕಲೆ ಇತ್ತಲ್ಲ, ನಿನಗೆ ನೆನಪಿಲ್ವಾ?” ಎಂದು ರಾತ್ರಿಯಾಗುವವರೆಗೂ ತಡೆಯಲಾರದೆ ಮಧ್ಯಾಹ್ನವೇ ಕೇಳಿಬಿಟ್ಟಳು.

ಗುಂಡಿ ಹಾಕುತ್ತಿದ್ದ ಅಕ್ಕನ ಕೈ ನಿಂತಿತು. ಮೇಜನ್ನು ಬೆರಳಿನಿಂದ ಸವರಿ ನೋಡಿದಳು. “ಇನ್ಮೇಲೆ ಹಳೇ ಹೊಲಿಗೆಗಳನ್ನ ಕತ್ತರಿಸಿ ಬಿಚ್ಚು. ದಾರ ಉಳಿಸೋದೆಲ್ಲ ಬೇಡ” ಎಂದಳು.

“ಯಾಕೆ?”

“ಬೇಡ ಅಂದ್ರೆ ಬೇಡ. ಎಲ್ಲದಕ್ಕೂ ಯಾಕೆ ಯಾಕೆ ಅಂತ ಪ್ರಾಣ ತಿನ್ಬೇಡ.”

ಅಪ್ಪನ ಪಾಠವನ್ನು ಅಕ್ಕ ಹೀಗೆ ಗಾಳಿಗೆ ತೂರಿದ್ದು ಅದೇ ಮೊದಲು. ಆದರೆ ಯಾಕಮ್ಮನ ತಲೆ ಆಗಲೇ ಬೇರೆಡೆಗೆ ಓಡಿತ್ತು. ಮೇಜಿನ ಕಲೆ ಅಳಿಸಬಹುದಾದರೆ ಅಕ್ಕನ ಕಣ್ಣನ್ನೂ ಉಳಿಸಬಹುದು. ಆ ಹಳದಿ ಫ್ರಾಕು ಸಿಕ್ಕಿದರೆ ಸಾಕು. ಹೋಗಿ, ಚಕ್ರ ಹಿಡಿದು ನಿಂತ ಆ ಆರು ವರ್ಷದ ಕೋತಿಗೆ ‘ನೀನು ಹೊರಗೆ ಹೋಗಿ ಆಡ್ಕೋ ಮರಿ’ ಎಂದರೆ ಮುಗಿಯಿತು. ಬೇರೆ ಏನು ಹೋದರೂ ಹೋಗಲಿ. ಅಕ್ಕನಿಗೆ ಎರಡೂ ಕಣ್ಣಿದ್ದಿದ್ದರೆ ಬಲಗಣ್ಣೊಂದೇ ಇಷ್ಟು ವರ್ಷ ಜೋಡೆತ್ತಿನ ಕೆಲಸ ಮಾಡಬೇಕಾಗಿರಲಿಲ್ಲ.

ಅಕ್ಕ ತರಕಾರಿಗೆ ಹೋದ ಒಂದು ಬೆಳಿಗ್ಗೆ ಅವಳು ಅಕ್ಕನ ಟ್ರಂಕು ತೆಗೆದಳು. ಬೀಗದ ಕೈ ಎಲ್ಲಿರುತ್ತದೆಂದು ಗೊತ್ತಿಲ್ಲದೆ ಇರಲು ಅವಳೇನು ಆ ಮನೆಗೆ ನಿನ್ನೆ ಬಂದವಳೇ? ಫ್ರಾಕು ಎಲ್ಲದರ ಕೆಳಗೆ, ಬಿಳಿ ಬಟ್ಟೆಯಲ್ಲಿ ಸುತ್ತಿತ್ತು. ಕೆಳಗಿನ ಅಂಚಿನ ಹೊಲಿಗೆ ನಾಲ್ಕು ಬೆರಳಿನಷ್ಟು ಹೋಗಿ ಅರ್ಧಕ್ಕೇ ನಿಂತಿತ್ತು. ಅಲ್ಲಿಯೇ ಸೂಜಿ ಮುರಿದದ್ದು. ಇದೇ ಬೇಕಾದದ್ದು. ಅವಳು ಕಿಟಕಿಯ ಬೆಳಕಿಗೆ ಕೂತು ದಾರದ ತುದಿ ಹಿಡಿದಳು.

ಹಿಡಿದವಳು ಎಳೆಯಲಿಲ್ಲ. ಫ್ರಾಕಿನ ಎಡಮಗ್ಗುಲಿನ ಹೊಲಿಗೆ ಮಷೀನಿನದಲ್ಲ, ಕೈಹೊಲಿಗೆ. ಉಳಿದೆಲ್ಲ ಮಷೀನು, ಅದೊಂದು ಮಾತ್ರ ಕೈಯಲ್ಲಿ ಯಾಕೆ? ಬಟ್ಟೆಯನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿದಳು. ಕೈಹೊಲಿಗೆಯ ಪಕ್ಕದಲ್ಲೇ ಒಂದೇ ಅಂತರದಲ್ಲಿ ಸಣ್ಣ ಸಣ್ಣ ತೂತುಗಳ ಸಾಲು. ಬಟ್ಟೆ ಬಿಚ್ಚಿ ಬದುಕುವವರಿಗೆ ಆ ತೂತುಗಳ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಮೊದಲು ಕೈಮಷೀನಿನ ಹೊಲಿಗೆಯಿತ್ತು. ಯಾರೋ ಅದನ್ನು ಬಿಚ್ಚಿದ್ದಾರೆ. ಒಂದು ಕಡೆಯೂ ಕತ್ತರಿ ತಾಗಿಸದೆ, ಇಡೀ ದಾರ ಉಳಿಸಿ ಬಿಚ್ಚಿದ್ದಾರೆ.

ತಕ್ಷಣ ಅಂಚಿನ ಹೊಲಿಗೆ ಬಿಚ್ಚಿ ಹೋಗಿಬಿಡಬಹುದಿತ್ತು. ಆದರೆ ತಲೆಗೆ ಹೊಕ್ಕ ಹುಳ ಬಿಡಬೇಕಲ್ಲ. ಅಕ್ಕ ಬರುವವರೆಗೂ ಅವಳು ಫ್ರಾಕು ಹಿಡಿದುಕೊಂಡು ಹಾಗೇ ಕೂತಿದ್ದಳು.

ಅಕ್ಕ ಬಂದು ಚೀಲ ಕೆಳಗಿಟ್ಟಳು. ಹಳದಿ ಬಣ್ಣ ಅವಳಿಗೆ ಇನ್ನೂ ಕಾಣುತ್ತಿತ್ತು. ಬಿರಬಿರನೆ ಬಂದು ತಂಗಿಯ ಭುಜ, ಕೆನ್ನೆ, ತಲೆ ಮುಟ್ಟಿ ನೋಡಿದಳು.

“ಬಿಚ್ಚಿದೆಯಾ?”

“ಇಲ್ಲ. ಈ ಮಗ್ಗುಲು ಬಿಚ್ಚಿದ್ದು ನೀನಾ ಅಕ್ಕ?”

ಅಕ್ಕ ಅಲ್ಲೇ ನೆಲದ ಮೇಲೆ ಕೂತಳು.

“ನಿನ್ನ ಯೋಚನೆ ಏನಿತ್ತು, ಮೊದಲು ಅದು ಹೇಳು” ಎಂದಳು.

“ಹೋಗಿ ಆ ಹುಡುಗೀನ ಮಷೀನಿಂದ ಎಬ್ಬಿಸಿ ಹೊರಗೆ ಆಡೋಕೆ ಕಳಿಸೋದು. ಚಕ್ರ ನೀನೇ ತಿರುಗಿಸ್ಕೋತಿದ್ದೆ. ಸೂಜಿ ಮುರೀತಿರಲಿಲ್ಲ.”

“ಹೌದು. ಮುರೀತಿರಲಿಲ್ಲ. ಮೊದಲ್ನೇ ಸಲ ಮುರೀಲಿಲ್ಲ” ಎಂದಳು ಅಕ್ಕ.

ಆಮೇಲೆ ಅವಳು ಹೇಳಿದ್ದು ಇಷ್ಟು. ಮೊದಲ ಸಲ, ಅಂದರೆ ಅಕ್ಕ ಒಬ್ಬಳಿಗೆ ಮಾತ್ರ ನೆನಪಿರುವ ಆ ಸಲ, ಅವಳು ತಂಗಿಯನ್ನು ಚಕ್ರಕ್ಕೆ ಕರೆದಿರಲಿಲ್ಲ. ತಂಗಿ ಬೀದಿಯಲ್ಲಿ ಆಡುತ್ತಿದ್ದಳು. ಫ್ರಾಕು ಪೂರ್ತಿ ಆಯಿತು. ಅಕ್ಕ ಕೊನೆಯ ದಾರ ಕಚ್ಚಿ ತುಂಡುಮಾಡಿ, ಬಾರೇ ಹಾಕಿ ನೋಡೋಣ ಎಂದು ಕರೆಯಲು ಬಾಯಿ ತೆರೆದಾಗ ಹೊರಗೆ ಲಾರಿಯ ಬ್ರೇಕು ಕಿರುಚಿದ ಸದ್ದು ಕೇಳಿತು. ಹೊಸ ಫ್ರಾಕನ್ನು ತಂಗಿ ಹಾಕಲೇ ಇಲ್ಲ.

ಏಳು ವರ್ಷ ಹಾಗೇ ಕಳೆಯಿತು. ಅಕ್ಕನಿಗೆ ಎರಡೂ ಕಣ್ಣು ಚೆನ್ನಾಗಿದ್ದವು. ಇಪ್ಪತ್ಮೂರರ ವಯಸ್ಸಿನಲ್ಲಿ ಒಂದು ದಿನ, ಫ್ರಾಕನ್ನು ನೋಡುತ್ತ ಇರಲೂ ಆಗದೆ ಎಸೆಯಲೂ ಆಗದೆ, ಬಿಚ್ಚಿ ಬಿಡಿ ಬಟ್ಟೆಯಾಗಿಯಾದರೂ ಮಾಡಿಡೋಣ ಎಂದು ಎಡಮಗ್ಗುಲಿನ ಹೊಲಿಗೆ ಬಿಡಿಸಿದಳು. ದಾರ ತುಂಡಾಗಲಿಲ್ಲ. ಅವಳು ಅದೇ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹದಿನಾರರ ಹುಡುಗಿ ಹೊಲಿಯುತ್ತಿದ್ದಳು, ಹೊರಗೆ ತಂಗಿಯ ನಗು ಕೇಳುತ್ತಿತ್ತು.

“ಎರಡೋ ಮೂರೋ ನಿಮಿಷ ಇತ್ತು ನನಗೆ. ಮಗೂನ ಒಳಗೆ ಕರ್ಕೋ, ಹೊರಗೆ ಬಿಡಬೇಡ ಅಂದೆ. ಆ ಹುಡುಗಿ ನನ್ನನ್ನ ಹುಚ್ಚಿ ಅನ್ನೋ ಹಾಗೆ ನೋಡಿದ್ಲು. ನಾನು ಅಳ್ತಾ ಇದ್ದೆ. ಹೆದರಿಕೊಂಡೋ ಏನೋ, ‘ಬಾರೇ, ಚಕ್ರ ತಿರುಗಿಸು’ ಅಂತ ನಿನ್ನ ಕರೆದ್ಲು. ನೀನು ಓಡಿ ಬಂದೆ. ಅಷ್ಟಕ್ಕೆ ನನ್ನ ಹೊತ್ತು ಮುಗೀತು. ವಾಪಸ್ಸು ಬಂದ್ರೆ ಒಂದು ಕಣ್ಣು ಕತ್ತಲು. ಇನ್ನೊಂದು ಕಣ್ಣಲ್ಲಿ ನೋಡ್ತೀನಿ, ಹದಿಮೂರು ವರ್ಷದ ಹುಡುಗಿಯೊಬ್ಬಳು ಮೇಜಿನ ಮೇಲೆ ಕಾಲು ಚಾಚಿ ಕೂತ್ಕೊಂಡು, ‘ಯಾಕೆ ಹಾಗೆ ನೋಡ್ತಿದ್ದೀಯ?’ ಅಂತ ಕೇಳ್ತಿದ್ದಾಳೆ.”

ಆ ದಿನ ಯಾಕಮ್ಮನಿಗೆ ಚೆನ್ನಾಗಿ ನೆನಪಿತ್ತು. ಅಕ್ಕ ಇದ್ದಕ್ಕಿದ್ದಂತೆ ಬಂದು ಉಸಿರುಗಟ್ಟುವಂತೆ ತಬ್ಬಿಕೊಂಡು ಗೋಳೋ ಎಂದು ಅತ್ತಿದ್ದಳು. ತಂಗಿ ಕೊಸರಿಕೊಂಡು, ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಅಪ್ಪನಿಗೆ ದೂರು ಹೇಳಿದ್ದಳು. ಇಪ್ಪತ್ತೊಂಬತ್ತು ವರ್ಷ ತಾನು ಕಿತ್ತುಕೊಂಡೆ ಎಂದುಕೊಂಡಿದ್ದ ಕಣ್ಣು ತನಗಾಗಿ ಹೋಗಿತ್ತು. ಅದನ್ನು ಉಳಿಸುವ ಆತುರದಲ್ಲಿ ಆರು ವರ್ಷದ ತನ್ನನ್ನು ತಾನೇ ಲಾರಿಯ ಕೆಳಗೆ ಕಳಿಸಲಿದ್ದಳು.

ಆದರೆ ಸುಮ್ಮನಾಗುವ ಜೀವ ಅದಲ್ಲ.

“ಸರಿ, ಹೊರಗೆ ಕಳಿಸಲ್ಲ. ಇನ್ನೂ ಈ ನಾಲ್ಕು ಬೆರಳು ಇದೆಯಲ್ಲ. ಹೋಗಿ, ಮುಖ ಹಿಂದೆ ತಗೋ ಅಂತ ನಿನಗೆ ಹೇಳಿದ್ರೆ ಆಯ್ತು. ಸೂಜಿ ಮುರಿದ್ರೂ ಕಣ್ಣಿಗೆ ಬೀಳಲ್ಲ. ಇಬ್ರೂ ಉಳೀತೀವಿ.”

“ಆಮೇಲೆ? ಸೂಜಿ ಮುರಿದ ಕ್ಷಣಕ್ಕೆ ನೀನು ಇಲ್ಲಿಗೆ ವಾಪಸ್ಸು. ಲಾರಿ ಇನ್ನೂ ಬಂದಿರಲ್ಲ. ಸೂಜಿ ಮುರೀತು, ಇವತ್ತಿಗೆ ಸಾಕು ಅಂತ ಆ ಹುಡುಗಿ ಎದ್ದರೆ ನೀನು ಬೀದಿಗೆ ಓಡ್ತೀಯ. ನಿನ್ನನ್ನ ಹಿಡಿದಿಟ್ಟದ್ದು ನನ್ನ ಮಾತಲ್ಲ ಕಣೇ. ನನ್ನ ರಕ್ತ ನೋಡಿ ನೀನು ನನ್ನ ಲಂಗ ಹಿಡ್ಕೊಂಡು ಬಿಡಲೇ ಇಲ್ವಂತೆ, ಅಪ್ಪ ಹೇಳ್ತಿದ್ರು. ಅದಕ್ಕೆ ಉಳಿದೆ.”

“ಓಡದೇನೂ ಇರಬಹುದು. ಅರ್ಧಕ್ಕರ್ಧ ಅವಕಾಶ ಇದೆ. ನನ್ನ ಜೀವ ತಾನೇ, ನಾನು ಪಣಕ್ಕಿಡ್ತೀನಿ.”

“ನಿನಗದು ಬರೀ ಲೆಕ್ಕ. ನನಗೆ ಆಗಿಹೋದದ್ದು” ಎಂದಳು ಅಕ್ಕ. ಅವಳ ದನಿ ಏರಲಿಲ್ಲ. “ಏಳು ವರ್ಷ ನೀನು ಸತ್ತಿದ್ದೆ. ಅದು ನಿನಗೆ ಗೊತ್ತೇ ಇಲ್ಲ. ನನಗೆ ಒಂದೊಂದು ದಿನವೂ ಗೊತ್ತು. ಕೊಡು ಇಲ್ಲಿ.”

ಕೈ ಚಾಚಿದಳು. ಮತ್ತೆ ಟ್ರಂಕಿಗೆ ಸೇರಿಸುತ್ತಾಳೆ ಎಂದುಕೊಂಡು ಯಾಕಮ್ಮ ಕೊಟ್ಟಳು. ಅಕ್ಕ ಫ್ರಾಕನ್ನು ತೊಡೆಯ ಮೇಲೆ ಹರಡಿಕೊಂಡು ಅಂಚನ್ನು ಹೆಬ್ಬೆರಳಿನಿಂದ ತಡವಿದಳು. ತಲೆಯಿಂದ ಒಂದು ಪಿನ್ನು ತೆಗೆದು ದಾರದ ತುದಿ ಎಬ್ಬಿಸಿದಳು. ಏನಾಗುತ್ತಿದೆಯೆಂದು ತಂಗಿಗೆ ತಿಳಿಯುವಷ್ಟರಲ್ಲಿ ಆ ಪಳಗಿದ ಬೆರಳುಗಳು ಅರ್ಧ ದಾರ ಬಿಡಿಸಿಯಾಗಿತ್ತು. “ಅಕ್ಕ, ಬೇಡ” ಎಂದು ಅವಳು ಕೈ ಹಿಡಿಯಲು ಬಾಗಿದಳು. ದಾರ ಪೂರ್ತಿ ಈಚೆ ಬಂತು.

ಕಣ್ಣು ಮಿಟುಕಿಸುವಷ್ಟು ಹೊತ್ತೂ ಆಗಲಿಲ್ಲ. ಅಕ್ಕ ಅಲ್ಲೇ ಕೂತಿದ್ದಳು. ದಾರದ ಎಳೆ ಬೆರಳಿಗೆ ಸುತ್ತಿಕೊಂಡಿತ್ತು. ಮುಖ ಮಾತ್ರ ಬಹಳ ದೂರ ನಡೆದು ಬಂದವರ ಮುಖದಂತಿತ್ತು. ಎಡಗಣ್ಣಿನ ರೆಪ್ಪೆ ಮೊದಲಿನಂತೆಯೇ ಮುಚ್ಚಿತ್ತು. ಯಾಕಮ್ಮ ತನ್ನ ಕೈ ಕಾಲು ತಾನೇ ಮುಟ್ಟಿ ನೋಡಿಕೊಂಡಳು. ಎಲ್ಲವೂ ಇದ್ದವು.

“ಹೋಗಿದ್ದೆಯಾ?”

“ಹ್ಞೂಂ.”

“ಯಾಕೆ ಅಕ್ಕ?”

“ಕಣ್ಣು ಪೂರ್ತಿ ಹೋಗೋದರೊಳಗೆ ಒಂದು ಸಲ ನಿನ್ನನ್ನ ನೋಡೋಣ ಅಂತ ಹೋದೆ ಅಂದ್ರೆ ನೀನು ನಂಬ್ತೀಯ” ಎಂದಳು ಅಕ್ಕ. “ಆದ್ರೆ ಅದು ಸುಳ್ಳು. ಕಣ್ಣು ಬೇಕು ಅಂತಲೇ ಹೋದೆ. ನಿನಗೆ ಅಷ್ಟು ಬೈದೆನಲ್ಲ, ಬೈತಾ ಬೈತಾ ನನಗೇ ಆಸೆ ಹುಟ್ಟಿಬಿಡ್ತು. ನೀನು ಹೋದ್ರೆ ಎಡವಟ್ಟು ಮಾಡ್ತೀಯ, ನಾನಾದ್ರೆ ಸರಿಯಾಗಿ ಹೇಳ್ತೀನಿ ಅನ್ನಿಸ್ತು. ಕುರುಡಿಯಾಗೋಕೆ ನನಗೂ ಹೆದರಿಕೆ ಇದೆ ಕಣೇ.”

ತಂಗಿ ಅವಳ ಕೈ ಹಿಡಿದುಕೊಂಡಳು. ಆ ಮಾತನ್ನು ಅಕ್ಕ ಅಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

“ಮತ್ತೆ ಹೇಳಲಿಲ್ವಾ?”

“ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಚಕ್ರ ನಿಲ್ಲಿಸಿ ಬೀದಿ ಕಡೆ ತಿರುಗಿದೆ. ಒಂದು ಕಾಲು ಆಗಲೇ ಹೊಸ್ತಿಲ ಕಡೆ ಇತ್ತು. ‘ಸಾಕಾ ಅಕ್ಕ, ಆಡೋಕೆ ಹೋಗ್ಲಾ?’ ಅಂದೆ. ಆ ಹುಡುಗಿ ತಲೆಯೆತ್ತದೆ, ‘ಇನ್ನೊಂಚೂರು, ಜೋರಾಗಿ ತಿರುಗಿಸು, ಆಮೇಲೆ ಹೋಗು’ ಅಂದ್ಲು. ಜೋರಾಗಿ ಅಂದದ್ದು ನಾನೇ. ಇಷ್ಟು ವರ್ಷ ಅದು ನನಗೂ ಗೊತ್ತಿರಲಿಲ್ಲ. ನೀನು ಎರಡೂ ಕೈಯಲ್ಲಿ ಹಿಡಿ ಹಿಡಿದೆ.”

“ಆಮೇಲೆ?”

“ಆಮೇಲೇನು. ನಾನು ಬಾಯಿ ಮುಚ್ಚಿಕೊಂಡೆ. ಸೂಜಿ ಮುರಿಯೋವರೆಗೂ ನಿನ್ನನ್ನೇ ನೋಡ್ತಾ ನಿಂತಿದ್ದೆ.”